ಎರಡು ದಾರದ ಗಾಡಿ

ಮದುವೆಗೆ ಮುಂಚೆ ಕೊಂಡ ವಸ್ತುಗಳನ್ನೆಲ್ಲ ಮದುವೆಯ ಮರುದಿನವೇ ಹರಾಜು ಹಾಕುವ ಪದ್ಧತಿ ನಮ್ಮಲ್ಲಿ ಇರಬೇಕಿತ್ತು. ಇಲ್ಲದ್ದರಿಂದ ನನ್ನ ಕೆಂಪು ಕಾರು ಉಳಿದುಕೊಂಡಿತು. ತಗ್ಗು ಸೀಟು, ಉದ್ದ ಮೂತಿ, ಎರಡೇ ಬಾಗಿಲು. ಎಂಬತ್ತರ ದಶಕದಲ್ಲಿ ನಿಪ್ಪಾಣಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ ಒಂಟಿಯಾಗಿದ್ದ ನನಗೆ ಎರಡು ಬಾಗಿಲೂ ಹೆಚ್ಚೇ ಎನಿಸಿದ್ದವು. ಕೊಲ್ಲಾಪುರದ ದಲಾಲ, “ಸಾಹೇಬ, ದೋನ ದಾರಾಂಚಿ ಗಾಡಿ!” ಎಂದು ಹಾಡಿದಂತೆ ಹೇಳಿ ಮಾರಿದ್ದ. ಮರಾಠಿಯಲ್ಲಿ ದಾರ ಎಂದರೆ ಬಾಗಿಲು. ನಮ್ಮವ್ವನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಕಾರಿನ ಸುತ್ತ ಒಮ್ಮೆ ತಿರುಗಿ, “ತಮ್ಮಾ, ಎರಡ ದಾರದಾಗ ಹೊಲಿದದ್ದು ಎಷ್ಟ ದಿನಾ ತಡದೀತೋ?” ಎಂದಳು. ಸಂಸ್ಕೃತ ಕಲಿಸುತ್ತಿದ್ದ ಸಹೋದ್ಯೋಗಿಯೊಬ್ಬರು ತಮ್ಮ ಭಾಷೆಯಲ್ಲಿ ದಾರಾ ಎಂದರೆ ಹೆಂಡತಿ ಎಂದು ನೆನಪಿಸಿ, “ಒಬ್ಬಾಕಿನ್ನ ಸಾಕೂದ ಕಷ್ಟ ಐತ್ರಿ ಸರ, ನೀವು ಎರಡು ತಂದೀರಲ್ಲ” ಎಂದು ಮರುಗಿದರು.

ಇದೆಲ್ಲ ಒಂದೇ ದಿನ ನಡೆದಂತೆ ಬರೆದಿದ್ದೇನೆ. ನಡೆದಿರಲಿಕ್ಕಿಲ್ಲ. ಇಷ್ಟು ಒಳ್ಳೆಯ ಮಾತುಗಳು ಸಾಲಾಗಿ ಬಂದು ನಿಲ್ಲುವುದು ನೆನಪಿನಲ್ಲಿ ಮಾತ್ರ. ನೆನಪು ಎನ್ನುವುದು ಬೀಗರು ಬರುವ ಹೊತ್ತಿಗೆ ಮನೆ ಗುಡಿಸಿದ ಹಾಗೆ. ಕಸವೆಲ್ಲ ಮಂಚದ ಕೆಳಗೆ ಇರುತ್ತದೆ. ಮಂಚದ ಕೆಳಗಿನ ಕಸವನ್ನೂ ಸ್ವಲ್ಪ ಹೇಳಬೇಕೆಂದರೆ, ಆ ಕಾರನ್ನು ನಾನು ಕಾರಿಗಾಗಿ ಕೊಳ್ಳಲಿಲ್ಲ. ಬಸ್‌ಸ್ಟ್ಯಾಂಡಿನ ಮುಂದೆ ಅದರಿಂದ ಇಳಿಯುವ ನನ್ನನ್ನು ಜನ ನೋಡಲಿ ಎಂದು ಕೊಂಡೆ. ಜನ ನೋಡಿದರು. “ಸರ, ಉಳಿದ ಎರಡ ಬಾಗಲಾ ಎಲ್ಲಿ ಬೀಳಿಸಿ ಬಂದ್ರಿ?” ಎಂದೂ ಕೇಳಿದರು.

ಆಮೇಲೆ ಮದುವೆ, ಮಗಳು, ಮಗ. ಕಾರಿಗೆ ಮಾತ್ರ ಹೊಸ ಬಾಗಿಲು ಹುಟ್ಟಲಿಲ್ಲ. ಹಿಂದಿನ ಸೀಟಿಗೆ ಹೋಗಬೇಕೆಂದರೆ ಮುಂದಿನ ಸೀಟನ್ನು ಮಡಚಿ ಸಂದಿಯಲ್ಲಿ ನುಸುಳಬೇಕು. ನನ್ನ ಸೀಟು ಮಡಚುವ ಕೊಂಡಿ ತುಕ್ಕು ಹಿಡಿದು ಕೂತಿತ್ತು. ಉಳಿದದ್ದು ಎಡಗಡೆಯ ಸೀಟು, ಅದು ಅವ್ವನದು. ಹಿರಿಯಳು ಎಂಬುದು ಒಂದು, ಅವಳ ಮೊಣಕಾಲು ಮಡಚುತ್ತಿರಲಿಲ್ಲ ಎಂಬುದು ಇನ್ನೊಂದು. ಹೀಗಾಗಿ ಹಿಂದೆ ಯಾರಿಗೆ ಉಚ್ಚೆ ಬಂದರೂ, ವಾಂತಿ ಬಂದರೂ, ಮೊದಲು ಅವ್ವ ಇಳಿಯಬೇಕು. ಅವ್ವ ಇಳಿಯುವುದು ಅವಸರದ ಕೆಲಸವಾಗಿರಲಿಲ್ಲ. ಅವಳು ಮೊದಲು ಚಪ್ಪಲಿ ಹುಡುಕುತ್ತಿದ್ದಳು, ಆಮೇಲೆ ಶಿವನನ್ನು ನೆನೆಯುತ್ತಿದ್ದಳು, ಅಷ್ಟರಲ್ಲಿ ಹಿಂದೆ ಆಗಬೇಕಾದದ್ದು ಆಗಿಹೋಗಿರುತ್ತಿತ್ತು. ಕೊನೆಗೆ ನಾವು ಮಕ್ಕಳನ್ನು ಕಿಟಕಿಯಿಂದಲೇ ಒಳಗೆ ಹಾಕತೊಡಗಿದೆವು. ಇದು ನಮ್ಮ ಕಡೆ ಹೊಸದಲ್ಲ. ರಾಯಬಾಗದ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು, ಟೊಪ್ಪಿಗೆ, ಕೂಸು ಹೀಗೆ ಕೈಗೆ ಸಿಕ್ಕಿದ್ದನ್ನು ಒಗೆದು ಸೀಟು ಹಿಡಿಯುವುದು ಎಲ್ಲರಿಗೂ ಗೊತ್ತು. ಸ್ವಂತ ಕಾರಿನಲ್ಲಿ ಹಾಗೆ ಮಾಡಿದವನು ಬಹುಶಃ ನಾನೊಬ್ಬನೇ.

ಹೆಂಡತಿ ಮಂಗಲಾಳನ್ನು ಕಿಟಕಿಯಿಂದ ಹಾಕುವಂತಿರಲಿಲ್ಲ. ಅವಳ ತವರು ಸತ್ತಿ ಎಂಬ ಊರು. ತನ್ನ ತಮ್ಮನ ಮದುವೆ ನಿಶ್ಚಯಕ್ಕೆ ಹೊರಡುವ ದಿನ ಚೀಲ ಕಟ್ಟುತ್ತ, ದನಿ ಏರಿಸದೆ ಹೇಳಿದಳು:

“ನಾ ಬಸ್ಸಿಗೆ ಹೋಗ್ತೀನ್ರಿ. ನೀವು ಗಾಡಿ ತೊಗೊಂಡ ಬರ್ರಿ.”

“ಯಾಕ? ಗಾಡಿ ಇದ್ದು ಬಸ್ಸಿಗೆ ಹೋದ್ರ ಮಂದಿ ಏನಂದಾರು?”

“ಮಂದಿ ನೋಡ್ತಾರಂತನ ಹೇಳಾಕತ್ತೀನಿ. ನಮ್ಮವ್ವ ನೀರು ಹಿಡಕೊಂಡ ಬಾಗಲದಾಗ ನಿಂತಿರತಾಳ. ಮೊದಲ ನೀವು ಇಳೀತೀರಿ, ಆಮ್ಯಾಲ ಅತ್ತಿ, ಆಮ್ಯಾಲ ಹುಡುಗೋರು. ಕಡೀಕ ನಾ ಹಿಂದ ಮುಂದಾಗಿ ಇಳೀತೀನಿ, ಚೀಲಾ ಇಳಿಸಿದಂಗ. ವರ್ಷಕ್ಕೊಮ್ಮೆ ಹೋಗ್ತೀನಿ, ನಮ್ಮವ್ವಗ ಮೊದಲ ನನ್ನ ಬೆನ್ನ ಕಾಣತೈತಿ. ಇವತ್ತ ಹೊಸಾ ಬೀಗರೂ ಕುಂತಿರತಾರ. ಬಸ್ಸಿನ್ಯಾಗರ ಮಾರಿ ಮುಂದ ಮಾಡಿ ಇಳೀಬೌದು.”

ಅವಳು ಇಳಿಯುವುದನ್ನು ನಾನು ಎಂದೂ ನೋಡಿರಲಿಲ್ಲ. ಇಳಿದ ಕೂಡಲೇ ನಾನು ಕಾರನ್ನು ನೋಡುತ್ತಿದ್ದೆ, ಕಾರನ್ನು ನೋಡುವವರನ್ನು ನೋಡುತ್ತಿದ್ದೆ. “ಸತ್ತಿ ಮುಟ್ಟೂದ್ರಾಗ ಏನರ ಮಾಡ್ತೀನಿ” ಎಂದು ಮಾತು ಕೊಟ್ಟೆ. ಅವಳು ಹಿಂದೆ ನುಸುಳಿ ಕೂತಳು. ಚಿಕ್ಕೋಡಿ ದಾಟಿತು, ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ತೆವಳಿದ್ದಾಯಿತು, ನನ್ನ ತಲೆಯಲ್ಲಿ ಏನೂ ಹುಟ್ಟಲಿಲ್ಲ. ಕನ್ನಡಿಯಲ್ಲಿ ಅವಳ ಅರ್ಧ ಮುಖ ಕಾಣುತ್ತಿತ್ತು. ಮಗಳು ತನ್ನ ತೊಡೆಯ ಮೇಲೆ ವಾಂತಿ ಮಾಡಿಕೊಂಡಾಗ ಆ ಅರ್ಧ ಮುಖವೂ ಒರೆಸಲು ಬಾಗಿ ಮರೆಯಾಯಿತು.

ಸತ್ತಿಗೆ ದಾರಿ ಕವಲೊಡೆಯುವ ಫಾಟಾದಲ್ಲಿ ಮಗನಿಗೆ ಉಚ್ಚೆ ಬಂತು. ಅವ್ವ ಇಳಿದಳು, ಎಲ್ಲರೂ ಇಳಿದರು. ಮಗನ ಕೆಲಸ ಮುಗಿದ ಮೇಲೂ ಮಂಗಲಾ ಒಳಗೆ ಹೋಗಲಿಲ್ಲ. ಮಗಳ ಕೈ ಹಿಡಿದು, “ಇಲ್ಲಿಂದ ನಾವು ನಡಕೊಂಡ ಬರ್ತೀವಿ” ಎಂದಳು. ಮನೆಮಗಳು ಧೂಳಿನಲ್ಲಿ ನಡೆದು ಬರುವುದು, ಅಳಿಯ ಕೆಂಪು ಕಾರಿನಲ್ಲಿ ಬಂದಿಳಿಯುವುದು. ಅದನ್ನು ಹೊಸ ಬೀಗರು ಹೇಗೆ ನೋಡಿಯಾರು ಎಂದು ನನಗೆ ಕೂಡಲೇ ಕಂಡಿತು. ಅವ್ವನಿಗೂ ಕಂಡಿರಬೇಕು.

“ಮಂಗಲಾ, ನೀ ನಿಮ್ಮಪ್ಪನ ಟ್ರ್ಯಾಕ್ಟರ್ ಹೊಡದಾಕಿ ಹೌದಲ್ಲ?”

“ಹೌದ್ರಿ ಅತ್ತಿ. ಲಗ್ನಕ್ಕಿಂತ ಮೊದಲ.”

“ಟ್ರಾಲಿ ಹಚ್ಚಿ?”

“ಕಬ್ಬ ತುಂಬಿ.”

“ಹಂಗಾರ ಈ ಡಬ್ಬಿ ಏನ ಲೆಕ್ಕಾ? ತಮ್ಮಾ, ನೀ ಹಿಂದ ಹೋಗು.”

“ಅವ್ವಾ, ಲೈಸೆನ್ಸ್—”

“ಹೊಲದ ದಾರ‍್ಯಾಗ ಯಾಂವ ಕೇಳ್ತಾನ? ಇರೂದ ಎರಡ ಬಾಗಲಾ. ಒಂದ ನಂದು. ಅಕಿಗೂ ಒಂದ ಬ್ಯಾಡೇನು? ನಿನ್ನ ಕಾಲು ಮಡಚತಾವಲ್ಲ, ಹೋಗು.”

ನಾನು ಹಿಂದೆ ಹೋದೆ. ಆ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಮೊಣಕಾಲು ಗದ್ದಕ್ಕೆ ಬಂತು. ಮುಂದೆ ಎರಡು ಸೀಟಿನ ಬೆನ್ನುಗಳು, ಅವುಗಳ ನಡುವೆ ಬೆರಳಗಲ ರಸ್ತೆ. ವಾಂತಿಯ ವಾಸನೆ ಹಳೆಯದೂ ಹೊಸದೂ ಬೆರೆತು ನಿಂತಿತ್ತು. “ಪಪ್ಪಾ, ಅಲ್ಲಿ ಕಾಲಿಡಬ್ಯಾಡಾ, ಅದು ಮಮ್ಮಿ ಕಾಲಿಡೂ ಜಾಗಾ” ಎಂದು ಮಗ ತಡೆದ. ಮಂಗಲಾ ಸೆರಗು ಸಿಕ್ಕಿಸಿ ಗೇರು ಹಾಕಿದಳು. ನನಗಿಂತ ಚೆನ್ನಾಗಿ ಓಡಿಸಿದಳು ಎಂದು ಮಕ್ಕಳು ಇಂದಿಗೂ ಹೇಳುತ್ತಾರೆ. ಅವ್ವ ಬದುಕಿರುವ ತನಕ, ಒಂದು ಕೋಳಿ ಸ್ವಲ್ಪದರಲ್ಲೇ ಉಳಿಯಿತು ಎನ್ನುತ್ತಿದ್ದಳು. ನನಗೆ ನೆನಪಿರುವುದು ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತುತ್ತಿದ್ದ ನನ್ನ ಬಲಗಾಲು.

ಕಾರು ಮನೆಯ ಮುಂದೆ ನಿಂತಿತು. ಬಲಗಡೆಯ ಬಾಗಿಲು ತೆರೆದ ಸದ್ದು ಕೇಳಿತು, “ಯವ್ವಾ!” ಎಂಬ ದನಿ ಕೇಳಿತು. ಅದು ಮಗಳು ತಾಯಿಯನ್ನು ಕರೆದದ್ದೋ, ತಾಯಿ ಮಗಳನ್ನು ಕಂಡು ಬೆರಗಾದದ್ದೋ, ಅವರಿಬ್ಬರಲ್ಲೇ ಒಮ್ಮತವಿಲ್ಲ. ಆಮೇಲೆ ಅವ್ವ, ಶಿವನನ್ನು ನೆನೆದು, ನಿಧಾನಕ್ಕೆ. ಆಮೇಲೆ ಮಕ್ಕಳು. ಕೊನೆಗೆ ನಾನು. ಮುಖ ಮುಂದೆ ಮಾಡಿ ಇಳಿಯಲು ನೋಡಿದೆ; ತಲೆ ತಗಡಿಗೆ ಬಡಿಯಿತು. ಹೊರಳಿ, ಬೆನ್ನು ಹೊರಗೆ ಮಾಡಿ ಒಂದು ಕಾಲು ಹೊರಗಿಟ್ಟೆ, ಸೀಟಿನ ಬೆಲ್ಟಿನಲ್ಲಿ ಇನ್ನೊಂದು ಸಿಕ್ಕಿಕೊಂಡಿತು. ಆಗ ಅತ್ತೆ, ಅಳಿಯನನ್ನು ಕಾಯಿಸಬಾರದೆಂದು, ರೊಟ್ಟಿಯ ತುಣುಕು ಮತ್ತು ನೀರಿನ ತಂಬಿಗೆ ಹಿಡಿದು, ಹೊರಗೆ ಬಂದಿದ್ದ ನನ್ನ ಅಷ್ಟು ಭಾಗಕ್ಕೇ ನಿವಾಳಿಸಿ ದೃಷ್ಟಿ ತೆಗೆದರಂತೆ. “ಬರ್ರಿ ಅಳ್ಯಾರ, ಬರ್ರಿ” ಎಂದು ಮಾವ ಕೈಮುಗಿದರಂತೆ. ಹೊಸ ಬೀಗರೂ ಎದ್ದು ಕೈಮುಗಿದರಂತೆ.

ಎಲ್ಲವೂ ‘ಅಂತೆ’. ಮಂಗಲಾ ತಾಯಿಯ ಎದುರು ನಿಂತಾಗ ಅವಳ ಮುಖ ಹೇಗಿತ್ತು, ತಿರುಗಿ ನನ್ನನ್ನು ನೋಡಿ ನಕ್ಕಳೋ ಇಲ್ಲವೋ ಎಂದು ಬರೆದರೆ ಈ ಪ್ರಬಂಧ ಎಷ್ಟೋ ಚೆಂದವಾದೀತು. ಏನು ಮಾಡಲಿ, ನಾನು ನೋಡಿಲ್ಲ. ನನ್ನ ಮುಖ ಇನ್ನೂ ಕಾರಿನೊಳಗೇ ಇತ್ತು.