ಮಾವನ ಇಂಜಿನ್ನಿಗೆ ಹಳದಿ ಪಟ್ಟಿ

ಇನ್ನು ಮುಂದೆ ಕುಂಚ ಮುಟ್ಟಿದರೆ ನನ್ನ ಹೆಸರು ರಾಜೀವನೇ ಅಲ್ಲ! ಹೀಗೆಂದು ಮನೆಯಲ್ಲಿ ಘೋಷಿಸಿ, ಏರ್‌ಬ್ರಷ್ ಕೊಳ್ಳಲು ಪುಣೆಯ ಕ್ಯಾಂಪ್ ಪೇಟೆಗೆ ಹೊರಟೆ. ಕಾರಣ ಘನವಾದದ್ದು. ನನ್ನ ಮಾವ ಹಣಮಂತ್ರಾಯರು ದೌಂಡದಲ್ಲಿ ರೈಲು ಓಡಿಸಿ ನಿವೃತ್ತರಾದವರು. ನಾನು ಜೋಡಿಸುವ ಪುಟ್ಟ ರೈಲು ಮಾದರಿಗಳನ್ನು ಕಂಡಾಗಲೆಲ್ಲ "ಅಳಿಯಾಂವ್ರ ಆಟಗಿ ಸಾಮಾನು" ಎಂದು ನಗುವವರು. ಭಾನುವಾರ ಊಟಕ್ಕೆ ಬರುವವರಿದ್ದರು. ಅವರು ಓಡಿಸಿದ ಇಂಜಿನ್ನಿನದೇ ಗೇಣುದ್ದದ ಮಾದರಿಗೆ ಹಳದಿ ಪಟ್ಟಿ ಹೊಡೆದು ಕೈಗಿಟ್ಟು, ಆ ನಗುವನ್ನು ಕಾಯಂ ಬಂದ್ ಮಾಡಬೇಕಿತ್ತು!

ಅಂಗಡಿಯ ಹುಡುಗ ಮಂದಾರ ಏರ್‌ಬ್ರಷ್ ತೆಗೆದಿಟ್ಟ. ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ. ಆಹಾ! ಅದಕ್ಕೊಂದು ಗಾಳಿ ಪಂಪು, ಮೇಲೆ ಬಣ್ಣದ ಬಟ್ಟಲು.

"ಪಹಿಲ್ಯಾಂದಾ ಲಹಾನ್ ಕಪ್ ಘ್ಯಾ, ಸಾಹೇಬ," ಎಂದ. ಮೊದಲ ಸಲ ಸಣ್ಣ ಬಟ್ಟಲು ಸಾಕಂತೆ! ರೈಲಿಗೆ ಬಣ್ಣ ಹೊಡೆಯುವವನಿಗೆ ಸಣ್ಣ ಬಟ್ಟಲೇ? ಇದ್ದುದರಲ್ಲೇ ದೊಡ್ಡದನ್ನು ಎತ್ತಿಕೊಂಡೆ. ಬಣ್ಣ ತೆಳುವಾಗಿಸಲು ಥಿನ್ನರ್ ಬೇಕೇ ಎಂದು ಕೇಳಿದ. ಬೆರಕೆ ಮಾಡಲು ನಾನೇನು ಹಾಲು ಮಾರುತ್ತೇನೆಯೇ? ಬೇಡವೆಂದೆ.

ಭಾನುವಾರ ನನ್ನ ಹೆಂಡತಿ ಮಂಜರಿ ಅಡುಗೆಮನೆಯಲ್ಲಿ ಕಡಕ್ ರೊಟ್ಟಿ ಪೇರಿಸುತ್ತಿದ್ದಳು. ಅವಳಿಗೆ ಬೆನ್ನು ಹಾಕಿ ನಾನೂ ಅಲ್ಲೇ ಏರ್‌ಬ್ರಷ್ ಹರಡಿಕೊಂಡು ಕೂತೆ.

"ರೀ, ಅದನ್ನ ತಗೊಂಡು ಬಾಲ್ಕನಿಗೆ ಹೋಗ್ರಿ."

"ಅಲ್ಲಿ ಧೂಳ ಭಾಳ ಅದ!"

"ಇಲ್ಲಿ ನಾ ಅದೀನಿ!"

ನಾನು ಜಗ್ಗಲಿಲ್ಲ. ಇಂಜಿನ್ನನ್ನು ಎದುರಿಗಿಟ್ಟು, ಬಟ್ಟಲು ತುಂಬಿಸಿ, ಪಂಪು ಶುರು ಮಾಡಿದೆ. ಬುಸ್ ಎಂದಿತು. ಬಣ್ಣ ಮಾತ್ರ ಬರಲೊಲ್ಲದು! ಶ್ರೀಖಂಡದಷ್ಟು ಗಟ್ಟಿಯಾದ ಬಣ್ಣ ಮೂತಿಯಲ್ಲೇ ಕಟ್ಟಿಕೊಂಡಿತ್ತು. ಒತ್ತಡ ಹೆಚ್ಚಾದರೆ ತಾನೇ ಬಿಡುತ್ತದೆಂದು ಮೂತಿಗೆ ಬೆರಳು ಅದುಮಿ, ಗುಂಡಿಯನ್ನು ಪೂರ್ತಿ ಎಳೆದೆ. ಮುಂದೆ ದಾರಿ ಸಿಗದ ಗಾಳಿ ಹಿಂದಕ್ಕೆ ತಿರುಗಿ ಬಟ್ಟಲಿಗೇ ನುಗ್ಗಿತು. ಬಣ್ಣ ಎದ್ದಿತು ನೋಡಿ! ನನ್ನ ಹಣೆ, ಗಲ್ಲ, ಮೀಸೆ, ಅಂಗಿ, ಮೇಲಿನ ಛಾವಣಿ, ಹಿಂದಿದ್ದ ಮಂಜರಿಯ ಕೆನ್ನೆ, ರೊಟ್ಟಿಯ ರಾಶಿ, ಎಲ್ಲ ಹಳದಿ!

ಅಷ್ಟರಲ್ಲಿ ಮಾವನವರು ಒಳಗೆ ಬಂದರು. ಅವರು ಜೇಜುರಿ ಖಂಡೋಬನ ಪರಮಭಕ್ತರು. ಪ್ರತಿವರ್ಷ ಅಲ್ಲಿನ ಜಾತ್ರೆಗೆ ಕರೆದರೂ ನಾನು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡವನು. ಅಲ್ಲಿ ಭಂಡಾರ, ಅಂದರೆ ಅರಿಶಿನದ ಪುಡಿ, ತೂರಿ ತೂರಿ ಜನರೆಲ್ಲ ಹೀಗೇ ಹಳದಿಯಾಗುತ್ತಾರೆ. ಮಾವ ಎರಡೂ ಕೈ ಜೋಡಿಸಿ ಖಂಡೋಬನಿಗೆ ಜಯಕಾರ ಹಾಕಿದರು.

"ಏಳಕೋಟಿ ಏಳಕೋಟಿಗೋ! ನನ್ನ ಬಿಟ್ಟು ಜೇಜುರಿಗೆ ಹೋಗಿ ಬಂದ್ರೇನ್ರಿ, ಅಳಿಯಾಂವ್ರ?"

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಲ್ಲದಿಂದ ಬಳಿದು ತಮ್ಮ ಹಣೆತುಂಬ ಹಚ್ಚಿಕೊಂಡೇಬಿಟ್ಟರು!

"ಅಪ್ಪಾ, ಅದು ಭಂಡಾರ ಅಲ್ಲ, ಪೇಂಟ್!" ಮಂಜರಿ ಕೂಗಿದಳು.

ಮಾನ ಉಳಿಯಲು ಉಳಿದದ್ದು ಒಂದೇ ದಾರಿ. ಇಂಜಿನ್ನನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದೆ. "ನಿಮ್ಮ ಗಾಡಿಗಂತ ತಂದ ಬಣ್ಣರಿ, ಮಾವಾರ."

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಣ್ಣು ತುಂಬಿ ಬಂತು. "ಹೌದ್ರಿ, ನನ್ನ ಗಾಡಿನ!" ಅಂದರು. ನಾನು ಗೆದ್ದೆ ಎಂದು ಉಬ್ಬಿಹೋದೆ!

ಆಮೇಲೆ ಅವರು ಛಾವಣಿ ನೋಡಿದರು, ರೊಟ್ಟಿ ನೋಡಿದರು, ಮಗಳನ್ನು ನೋಡಿದರು. ಹಣೆ ತಿಕ್ಕಿಕೊಂಡರು, ಬಣ್ಣ ಹೋಗಲಿಲ್ಲ.

"ಮನಿಗೆಲ್ಲಾ ಹಚ್ಚೀರಿ, ರೊಟ್ಟಿಗೆ ಹಚ್ಚೀರಿ, ನನಗೂ ಹಚ್ಚಿಸೀರಿ. ಈ ಗಾಡಿ ಏನು ಪಾಪ ಮಾಡಿತ್ರಿ? ಇದಕ್ಕ ಒಂದು ಹನಿನೂ ಬಿದ್ದಿಲ್ಲಲ್ಲ!"