ಒಂದು ಗೇಣು ಕೆಳಗೆ

ದಿನಾ ಬೆಳಗ್ಗೆ ಹಿತ್ತಲಿನ ಕಣಗಿಲೆ ಗಿಡದಿಂದ ಒಂದು ಹೂ ಕಿತ್ತು ತಂದು, ದೇವರ ಮುಂದಿಟ್ಟು, ದೀಪ ಹಚ್ಚಿದ ಮೇಲೆಯೇ ಅಕ್ಕಯಮ್ಮ ಕಾಫಿ ಲೋಟ ಮುಟ್ಟುವುದು. ಮದುವೆಯಾಗಿ ಹೊಸಕೆರೆಹಳ್ಳಿಗೆ ಬಂದಾಗಿನಿಂದ ಈ ಪದ್ಧತಿ ತಪ್ಪಿಲ್ಲ. ಮೂರು ವರ್ಷದಿಂದ ಒಂದೇ ಬದಲಾವಣೆ: ಪೂಜೆ ನಿಂತೇ ನಡೆಯುತ್ತದೆ. ಕೂತರೆ ಸಾಕು, ಕೆಂಡದ ಮೇಲೆ ಕೂತ ಹಾಗಾಗುತ್ತದೆ. ಹೆಂಡತಿ ಬಗ್ಗಿ ಕೂರಲಾರಳು ಎಂದು ತಿಳಿದ ವಾರವೇ ಗಂಗಾಧರಯ್ಯ ಬಡಗಿಯನ್ನು ಕರೆಸಿ, ಗೋಡೆಗೆ ಎದೆಮಟ್ಟದಲ್ಲಿ ಹಲಗೆ ಹೊಡೆಸಿ, ನೆಲದ ಮೇಲಿದ್ದ ದೇವರನ್ನೇ ಮೇಲಕ್ಕೆತ್ತಿದ್ದರು.

ಇವತ್ತು ಅದೇ ಹಲಗೆಯ ಮೇಲೆ, ಕುಂಕುಮದ ಬಟ್ಟಲಿನಡಿ, ಅವರಿಗೊಂದು ಚೀಟಿ ಸಿಕ್ಕಿತ್ತು.

ಗಂಗಾಧರಯ್ಯ: ಡಾಕ್ಟರ್ ಪ್ರಿಯಾಂಕಾ! ಜಯನಗರ! ಶುಕ್ರವಾರ! ಶುಕ್ರವಾರ ನೀನು ಬನಶಂಕರಿ ದೇವಸ್ಥಾನಕ್ಕೆ ಅಂತ ಹೇಳಿ ಹೋಗಿದ್ದೆ ಅಲ್ವೇನೇ?

ಅಕ್ಕಯಮ್ಮ: ಹೋಗಿದ್ದೆನಲ್ಲ. ನಿಂಬೆಹಣ್ಣಿನ ದೀಪ ಹಚ್ಚಿದೆ. ತಾಯಿ ಅಲ್ಲಿಂದ ಜಯನಗರಕ್ಕೆ ಕಳಿಸಿದ್ಲು.

ಗಂಗಾಧರಯ್ಯ: ಓಹೋ! ಆಟೋನೂ ತಾಯಿನೇ ಕರೆದು ಕೊಟ್ಲಾ?

ಅಕ್ಕಯಮ್ಮ: ಆಟೋ ನಿಮ್ಮ ಮಗಳು ಬಿಂದು ಕರೆದ್ಲು. ನಾನು ಸೀಟಿಗೆ ಕೈ ಕೊಟ್ಟು ಮಂಡಿ ಊರ್ಕೊಂಡು ಹೋದೆ. ಡ್ರೈವರು ಕನ್ನಡೀಲಿ ನೋಡಿ, "ಅಮ್ಮ, ಓಲೆ ಬಿದ್ದೋಯ್ತಾ, ನಿಲ್ಲಿಸ್ಲಾ?" ಅಂದ.

ಗಂಗಾಧರಯ್ಯ: ನಗಬೇಡ. ಗುರುವಾರ ಆಪರೇಷನ್‌ಗೆ ದೇವದಾಸ್ ಡಾಕ್ಟ್ರು ಡೇಟ್ ಕೊಟ್ಟವ್ರೆ. ಇವತ್ತು ಮಂಗಳವಾರ. ಈ ಮಧ್ಯೆ ಯಾರೇ ಇದು ಪ್ರಿಯಾಂಕಾ? ಹೆಸರು ಕೇಳಿದ್ರೆ ಐಸ್‌ಕ್ರೀಮ್ ತಿನ್ನೋ ಹುಡುಗಿ ಇದ್ದಂಗೈತೆ. ಸರ್ಜನ್ ಅಂದ್ರೆ ಹೆಸರಲ್ಲೇ ಒಂದು ತೂಕ ಇರ್ಬೇಕು.

ಅಕ್ಕಯಮ್ಮ: ಇರ್ಬೇಕು, ಇರ್ಬೇಕು. ಕೊಯ್ಯೋದು ಹೆಸರೇ ಅಲ್ವಾ.

ಗಂಗಾಧರಯ್ಯ: ದೇವದಾಸ್ ಅವರ ಆಸ್ಪತ್ರೆ ನೀನೇ ಕಣ್ಣಾರೆ ನೋಡ್ದಲ್ಲ! ಹಾಲ್ ತುಂಬ ನಲವತ್ತು ಜನ. ಆ ಗಾಜಿನ ಮೀನಿನ ತೊಟ್ಟಿ ಒಂದೇ ನಮ್ಮ ಬಚ್ಚಲುಮನೆಯಷ್ಟೈತೆ.

ಅಕ್ಕಯಮ್ಮ: ಎಷ್ಟು ಮೀನಿತ್ತು?

ಗಂಗಾಧರಯ್ಯ: ಹದಿನೇಳು. ಒಂದು ಕರೀದು ಕಲ್ಲಿನ ಹಿಂದೆ ಅವಿತ್ಕೊಂಡಿತ್ತು.

ಅಕ್ಕಯಮ್ಮ: ಹಿಂದೆ ಒಂದು ಹಸು ತರೋಕೆ ಮೂರು ಸಂತೆ ಸುತ್ತಿದೋರು ನೀವು. ಬಾಯಿ ಬಿಡಿಸಿ ಹಲ್ಲು ನೋಡಿದ್ರಿ, ನಡೆಸಿ ನೋಡಿದ್ರಿ, ಕರೆಸಿ ನೋಡಿದ್ರಿ. ಈಗ ಹೆಂಡ್ತಿ ಬೆನ್ನು ಕೊಯ್ಯೋರನ್ನ ಮೀನು ಎಣಿಸಿ ಒಪ್ಕೊಂಡು ಬಂದ್ರಿ.

ಗಂಗಾಧರಯ್ಯ ಚೀಟಿಯನ್ನು ಮಡಿಸಿದರು, ಬಿಚ್ಚಿದರು. ಹೊಲ ಇದ್ದಾಗ ಹೊಲ, ಹೊಲ ಲೇಔಟಾದ ಮೇಲೆ ಸೈಟು, ಸೈಟಿನ ಮೇಲೆ ಬಾಡಿಗೆ ಮನೆ, ಹೀಗೆ ಜೀವನದಲ್ಲಿ ಅವರು ಆರಿಸಿದ್ದು ಯಾವುದೂ ಸುಳ್ಳಾಗಿರಲಿಲ್ಲ. ಆ ಧೈರ್ಯದ ಮೇಲೆಯೇ ಸರ್ಜನ್ನನ್ನೂ ಆರಿಸಿದ್ದರು.

ಗಂಗಾಧರಯ್ಯ: ಮೂರೇ ನಿಮಿಷ ಕಣೇ. ಮೂರು ನಿಮಿಷದಲ್ಲಿ ಕಾಯಿಲೆ ಹಿಡಿದು ಹಾಕಿದ್ರು. ಬೆನ್ನುಮೂಳೆ ಸವೆದೈತೆ, ನರ ಒತ್ತೈತೆ, ಗುರುವಾರ ಬನ್ನಿ. ಅದು ವಿದ್ಯೆ ಅಂದ್ರೆ!

ಅಕ್ಕಯಮ್ಮ: ಆ ಮೂರು ನಿಮಿಷದಲ್ಲಿ ಎರಡು ನಿಮಿಷ ನೀವೇ ಮಾತಾಡಿದ್ರಿ. ಉಳಿದಿದ್ರಲ್ಲಿ ಅರ್ಧ ಅವರಿಗೆ ಫೋನ್ ಬಂತು. ನಾನು ಬಾಯಿ ಬಿಡೋಷ್ಟರಲ್ಲಿ ಮುಂದಿನ ಪೇಷಂಟ್ ಬಂದು ಕೂತಾಗಿತ್ತು. ನಿಂತಿದ್ದೆನಲ್ಲ, ನನ್ನ ಕುರ್ಚಿ ಖಾಲಿ ಇತ್ತು.

ಗಂಗಾಧರಯ್ಯ: ನಿನ್ನ ಪ್ರಿಯಾಂಕಾ ಎಷ್ಟು ಹೊತ್ತು ನೋಡಿದ್ರು?

ಅಕ್ಕಯಮ್ಮ: ಒಂದು ಗಂಟೆ.

ಗಂಗಾಧರಯ್ಯ: ನೋಡ್ದಾ! ಬೇರೆ ಪೇಷಂಟೇ ಇಲ್ಲ ಪಾಪ. ಏನಂತೆ ಒಂದು ಗಂಟೆ?

ಅಕ್ಕಯಮ್ಮ: ಕೂತ್ಕೊಳ್ಳಿ ಅನ್ಲಿಲ್ಲ, ಮೊದಲು ಅದು. ನಾನು ನಿಂತಿದ್ದಕ್ಕೆ ಆಯಮ್ಮನೂ ಎದ್ದು ನಿಂತ್ಕೊಂಡ್ರು. ಕೇಳಿದ್ರು, ಬರ್ಕೊಂಡ್ರು. ಒಂದು ನರ ಎಲ್ಲೋ ಸಿಕ್ಕಾಕ್ಕೊಂಡಿರ್ಬೇಕು ಅಂದ್ರು. ಮೊದಲು ಆ ನರದ ಪಕ್ಕ ಒಂದು ಇಂಜೆಕ್ಷನ್. ಮರಗಟ್ಟಿರೋಷ್ಟು ಹೊತ್ತು ನೋವು ಹೋದ್ರೆ, ಕಳ್ಳ ಇವನೇ ಅಂತ ಗೊತ್ತಾಗುತ್ತಂತೆ. ಔಷಧಿ, ವ್ಯಾಯಾಮ ಎಲ್ಲ ಆಗಿ, ಕೊನೇಗೆ ಆಪರೇಷನ್. ಸಿಕ್ಕಿರೋ ನರ ಬಿಡಿಸೋದು.

ಗಂಗಾಧರಯ್ಯ: ಗ್ಯಾರಂಟಿ?

ಅಕ್ಕಯಮ್ಮ: ಗ್ಯಾರಂಟಿ ಇಲ್ಲ ಅಂದ್ರು. ಹನ್ನೊಂದು ಜನಕ್ಕೆ ಮಾಡವ್ರಂತೆ. ಏಳು ಜನಕ್ಕೆ ಗುಣ ಆಯ್ತು, ಇಬ್ಬರಿಗೆ ಅರ್ಧಂಬರ್ಧ, ಇಬ್ಬರಿಗೆ ಏನೂ ಆಗ್ಲಿಲ್ಲ ಅಂದ್ರು.

ಗಂಗಾಧರಯ್ಯ: ಏನೂ ಆಗ್ಲಿಲ್ಲ ಅಂತ ಅವರೇ ಬಾಯಿಬಿಟ್ಟು ಹೇಳಿದ್ರಾ? ಅಂಗಡಿಯೋನು ಎಲ್ಲಾದ್ರೂ ನನ್ನ ಬೇಳೇಲಿ ಕಲ್ಲೈತೆ ಅಂತಾನಾ? ದೇವದಾಸ್ ಅವರನ್ನ ನೋಡು. ಒಂದೂ ಫೇಲ್ ಇಲ್ಲ ಅಂದ್ರು.

ಅಕ್ಕಯಮ್ಮ: ಫೇಲಾದೋರು ಮತ್ತೆ ಆ ಮೀನು ನೋಡೋಕೆ ಯಾಕೆ ಹೋಗ್ತಾರೆ ಹೇಳಿ. ಹನ್ನೊಂದಕ್ಕೆ ಏಳು ಅಂದ್ರೆ ಎಸ್‌ಎಸ್‌ಎಲ್‌ಸೀಲಿ ಫಸ್ಟ್ ಕ್ಲಾಸು. ನಿಮ್ಮದು ಎಷ್ಟಿತ್ತು?

ಗಂಗಾಧರಯ್ಯನವರ ಎಸ್‌ಎಸ್‌ಎಲ್‌ಸಿಯ ವಿಷಯ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡರು.

ಗಂಗಾಧರಯ್ಯ: ಮಾಘದಲ್ಲಿ ಬಿಂದು ಮದುವೆ. ಇನ್ನು ಎರಡೇ ತಿಂಗಳು. ಹದಿನೈದು ದಿನದಲ್ಲಿ ಕೂರಿಸ್ತೀನಿ ಅಂತ ದೇವದಾಸ್ ಹೇಳವ್ರೆ. ಮಗಳ ಹಸೆ ಪಕ್ಕ ಕೂರೋ ಆಸೆ ಇಲ್ವೇನೆ ನಿಂಗೆ?

ಆಸೆ ಇಲ್ಲದೆ ಏನು. ಮೂರು ವರ್ಷದಿಂದ ಅಕ್ಕಯಮ್ಮ ಯಾರ ಮನೆಯ ಪಂಕ್ತಿಯಲ್ಲೂ ಕೂತು ಉಂಡಿಲ್ಲ. ತಿಲಕ್ ನಗರದ ಒಂದು ಗೃಹಪ್ರವೇಶದಲ್ಲಿ ಗೋಡೆಗೊರಗಿ ನಿಂತಿದ್ದವಳನ್ನು ಕಂಡು ಯಾರೋ "ಅಮ್ಮಾ, ಈ ಕಡೆ ಸಾರು" ಎಂದಿದ್ದರು. ಅಕ್ಕಯಮ್ಮ ಬೇಸರ ತೋರಿಸಲಿಲ್ಲ. ಬಕೆಟ್ ಎತ್ತಿಕೊಂಡು ಎರಡು ಸಾಲಿಗೆ ಸಾರು ಬಡಿಸಿ ಮನೆಗೆ ಬಂದು ಅತ್ತಿದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ಸೈಕಲ್ಲಿನ ಸದ್ದಾಯಿತು. ಬಂದವನು ಅಕ್ಕಯಮ್ಮನ ತಮ್ಮ ಬೈರಣ್ಣ. ಹೋದ ವರ್ಷ ಅವನ ಪಿತ್ತಕೋಶದಿಂದ ಒಂದು ಕಲ್ಲು ತೆಗೆದಿದ್ದರು. ಅಂದಿನಿಂದ ಅವನ ಜೇಬಿನಲ್ಲಿ ಎರಡು ಸುಣ್ಣದ ಡಬ್ಬಿ: ಒಂದರಲ್ಲಿ ಎಲೆಯಡಿಕೆಗೆ ಸುಣ್ಣ, ಇನ್ನೊಂದರಲ್ಲಿ ಆ ಕಲ್ಲು.

ಬೈರಣ್ಣ: ಏನ್ ಭಾವ, ಗಲಾಟೆ ರೋಡಿಗೆ ಕೇಳಿಸ್ತೈತೆ! ಡಾಕ್ಟ್ರ ವಿಷ್ಯನಾ? ಇಬ್ರೂ ಬೇಡ ಬಿಡಿ. ನಮ್ಮ ಡಾಕ್ಟ್ರ ಹತ್ರ ನಡೀರಿ. ಇಲ್ನೋಡಿ ಸಾಕ್ಷಿ.

ಅಕ್ಕಯಮ್ಮ: ಮುಚ್ಚೋ ಆ ಡಬ್ಬೀನ, ದೇವರ ಮುಂದೆ! ನಿಂದು ಕಲ್ಲು, ನಂದು ನರ. ನನ್ನ ನರ ಕಿತ್ತು ಡಬ್ಬೀಲಿ ಹಾಕಿಸ್ಕೊಂಡು ಊರೆಲ್ಲ ತೋರಿಸ್ಲಾ?

ಬೈರಣ್ಣ: ಡಾಕ್ಟ್ರು ಒಳ್ಳೇವ್ರು ಅಂದ್ರೆ ಎಲ್ಲಾದಕ್ಕೂ ಒಳ್ಳೇವ್ರೇ ಅಕ್ಕ.

ಅಕ್ಕಯಮ್ಮ: ಹಂಗಾದ್ರೆ ನಮ್ಮ ಬಡಗಿನೂ ಒಳ್ಳೇವ್ನೇ. ದೇವರಿಗೆ ಹಲಗೆ ಎಷ್ಟು ಚೆನ್ನಾಗಿ ಹೊಡೆದವ್ನೆ ನೋಡು.

ಗಂಗಾಧರಯ್ಯ: ಬೈರಣ್ಣ, ನೀನಾದ್ರೂ ನಿಮ್ಮಕ್ಕಂಗೆ ಬುದ್ಧಿ ಹೇಳಪ್ಪ. ಗುರುವಾರದ ಡೇಟ್ ಬಿಟ್ರೆ ಆರು ತಿಂಗಳು ಸಿಗಲ್ಲ.

ಬೈರಣ್ಣ: ಹೇಳ್ತೀನಿ ಇರಿ. ಮೊದ್ಲು ವಿಷ್ಯ ಪೂರ್ತಿ ತಿಳೀಲಿ. ಅಲ್ಲ ಅಕ್ಕ, ಮೂರು ವರ್ಷದಿಂದ ನೋವು, ನೋವು ಅಂತೀಯ. ಸರಿಯಾಗಿ ಎಲ್ಲಿ ನೋವು?

ಅಕ್ಕಯಮ್ಮ ದೀಪದ ಬತ್ತಿ ಮುಂದೂಡಿದಳು. ಅದು ತಮ್ಮನೆದುರು ಆಡುವ ಮಾತಲ್ಲ. ತಮ್ಮನೆದುರು ಇರಲಿ, ಅಮ್ಮನೆದುರೂ ಆಡಿರಲಿಲ್ಲ.

ಗಂಗಾಧರಯ್ಯ: ಸೊಂಟ ಕಣಪ್ಪ, ಸೊಂಟ. ನಾಲ್ಕು ಡಾಕ್ಟ್ರಿಗೂ ನಾನೇ ಹೇಳಿದ್ದು.

ಅಕ್ಕಯಮ್ಮ: ಸೊಂಟ ಅಲ್ಲ.

ಗಂಗಾಧರಯ್ಯ: ಏನಂದೆ?

ಅಕ್ಕಯಮ್ಮ: ಸೊಂಟ ಅಲ್ಲ ಅಂದೆ. ನನ್ನ ಸೊಂಟಕ್ಕೆ ಏನಾಗೈತೆ? ಮೊನ್ನೆ ತುಂಬಿದ ಸಿಲಿಂಡರ್ ಬಾಗಿಲಿಂದ ಅಡುಗೆಮನೆಗೆ ತಂದಿದ್ದು ಯಾರು, ದೇವದಾಸಾ?

ಗಂಗಾಧರಯ್ಯ: ಮತ್ತೆ ನಂಗೆ ನೀನೇ ಹೇಳಿದ್ದಲ್ಲೇ, ಸೊಂಟ ಅಂತ!

ಅಕ್ಕಯಮ್ಮ: ಸೊಂಟದ ಕೆಳಗೆ ಅಂದಿದ್ದೆ. ಡಾಕ್ಟ್ರ ಮುಂದೆ ಹಂಗನ್ನೋಕೆ ನಿಮಗೆ ನಾಚಿಕೆ ಆಯ್ತು, ಒಂದು ಗೇಣು ಮೇಲಕ್ಕೆ ಜರುಗಿಸಿಬಿಟ್ರಿ. ಸೈಟಿನ ಕಲ್ಲು ಜರುಗಿಸಿದಂಗೆ.

ಬೈರಣ್ಣ: ಅಂದ್ರೆ... ಎಲ್ಲಿ ಅಕ್ಕ?

ಅಕ್ಕಯಮ್ಮ: ಸೈಕಲ್ ಸೀಟು ಎಲ್ಲಿ ತಾಗುತ್ತೋ ಅಲ್ಲಿ. ಇನ್ನೊಂದು ಸಲ ಕೇಳಿದ್ರೆ ಕಾಫಿ ಇಲ್ಲ.

ಬೈರಣ್ಣ ಬಾಗಿಲಾಚೆ ನಿಲ್ಲಿಸಿದ್ದ ಸೈಕಲ್ಲಿನ ಕಡೆ ಒಮ್ಮೆ ನೋಡಿ ತಕ್ಷಣ ನೆಲ ನೋಡಿದ. ಗಾಬರಿಯಲ್ಲಿ ಎಲೆ ತೆಗೆದು, ಡಬ್ಬಿ ತೆರೆದು, ಸುಣ್ಣವೆಂದು ಕಲ್ಲನ್ನೇ ಎಲೆಗೆ ಉಜ್ಜತೊಡಗಿದ.

ಗಂಗಾಧರಯ್ಯ: ಆದ್ರೆ... ಸ್ಕ್ಯಾನಲ್ಲಿ ಬೆನ್ನುಮೂಳೆ ಸವೆದಿರೋದು ಕಂಡಿತ್ತಲ್ಲ?

ಅಕ್ಕಯಮ್ಮ: ಐವತ್ತರ ಹತ್ತಿರ ಯಾರ ಬೆನ್ನಿನ ಸ್ಕ್ಯಾನ್ ತೆಗೆದ್ರೂ ಅಷ್ಟು ಸವೆದಿರುತ್ತಂತೆ. ನಿಮ್ಮದೂ ತೆಗೆಸಿ. ಗುರುವಾರ ಇಬ್ರೂ ಅಕ್ಕಪಕ್ಕ ಮಲಗಿ ಕೊಯ್ಸ್ಕೊಳ್ಳೋಣ.

ಗಂಗಾಧರಯ್ಯ: ಈ ಪ್ರಿಯಾಂಕಾ ಹತ್ರ ಮಾತ್ರ ಹೆಂಗೆ ಹೇಳ್ದೆ?

ಅಕ್ಕಯಮ್ಮ: ಬಿಂದೂನೂ ಆಚೆ ಕಳಿಸಿ ಬಾಗಿಲು ಹಾಕಿದ್ರು. ಪ್ಲಾಸ್ಟಿಕ್ ಮೂಳೆ ಒಂದು ಕೈಗೆ ಕೊಟ್ಟು, "ಹೇಳೋಕಾಗ್ದಿದ್ರೆ ಬೇಡಮ್ಮ, ಇದರ ಮೇಲೆ ಬೆರಳಿಟ್ಟು ತೋರಿಸಿ" ಅಂದ್ರು. ತೋರಿಸಿದೆ. ಮೂರು ವರ್ಷದಲ್ಲಿ ಯಾರೂ ಹಂಗೆ ಕೇಳಿರ್ಲಿಲ್ಲ ಕಣ್ರೀ.

ಗಂಗಾಧರಯ್ಯ ಗೋಡೆಗೊರಗಿದರು. ಅವರಿಗೆ ಒಪ್ಪಿಗೆಯಾಗುವ ಭಾಷೆ ಯಾವುದೆಂದು ಅಕ್ಕಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕಯಮ್ಮ: ಗಿರಿನಗರದಲ್ಲಿ ಮನೆ ಕಟ್ಟಿಸುವಾಗ ಪಾಯ ಒಂದಡಿ ಪಕ್ಕದ ಸೈಟಿಗೆ ಹೋಯ್ತು ಅಂತ ಮೇಸ್ತ್ರಿ ಉಗ್ರಪ್ಪನ್ನ ಬೆಳಗಿಂದ ಸಂಜೇವರೆಗೂ ಬೈದ್ರಿ. ಗುರುವಾರ ಆಗೋದೂ ಅದೇ. ನನ್ನ ಸೈಟು ಇಲ್ಲೈತೆ, ದೇವದಾಸ್ ಪಕ್ಕದ ಸೈಟಲ್ಲಿ ಪಾಯ ತೋಡ್ತಾರೆ. ಉಗ್ರಪ್ಪ ಮಣ್ಣು ಮುಚ್ಚಿ ಕೊಟ್ಟ. ಬೆನ್ನು ಯಾರು ಮುಚ್ಚಿ ಕೊಡ್ತಾರೆ?

ಗಂಗಾಧರಯ್ಯನವರ ಮುಖದ ಬಣ್ಣ ಇಳಿಯಿತು. ಬೈರಣ್ಣನಿಗೆ ಇದ್ದಕ್ಕಿದ್ದಂತೆ ಉಪಾಯ ಹೊಳೆಯಿತು.

ಬೈರಣ್ಣ: ಜಗಳ ಯಾಕೆ? ದೇವಿ ಹತ್ರ ಹೂ ಕೇಳಿಬಿಡೋಣ. ಪಟದ ಮೇಲಿಂದ ಹೂ ಬಲಕ್ಕೆ ಬಿದ್ರೆ ಪ್ರಿಯಾಂಕಾ, ಎಡಕ್ಕೆ ಬಿದ್ರೆ ದೇವದಾಸ್. ತಾಯಿ ತೀರ್ಪು.

ಗಂಗಾಧರಯ್ಯ: ಹೂಂ ಕಣೇ, ಕೇಳು. ನೀನು ಕೇಳಿದ್ರೆ ತಾಯಿ ಇಲ್ಲ ಅನ್ನಲ್ಲ.

ಅಕ್ಕಯಮ್ಮ: ಬೇಡ. ತಾಯಿಗೆ ಈಗ್ಲೇ ನನ್ನಿಂದ ಸಾಕಷ್ಟು ತೊಂದ್ರೆ ಆಗೈತೆ.

ಗಂಗಾಧರಯ್ಯ: ಏನ್ ತೊಂದ್ರೆ?

ಅಕ್ಕಯಮ್ಮ: ದೇವರ ಮುಂದೆ ಆ ಮಾತು ಹೆಂಗನ್ನೋದು ಅಂತ, ಮೂರು ವರ್ಷದಿಂದ ಆಕೆಗೂ ಸೊಂಟ ಅಂತಾನೇ ಹೇಳ್ಕೊಂಡು ಬಂದೆ. "ಸೊಂಟ ಕಾಪಾಡು ತಾಯೀ" ಅಂತ ದಿನಾ ಬೆಳಗ್ಗೆ. ಕಾಪಾಡವ್ಳೆ ನೋಡಿ, ಕಬ್ಬಿಣ ಆಗೈತೆ ಸೊಂಟ! ಕೊಡೋಳ ತಪ್ಪಿಲ್ಲ, ಕೇಳಿದೋಳ ತಪ್ಪು. ಶುಕ್ರವಾರ ನಿಂಬೆಹಣ್ಣಿನ ದೀಪದ ಮುಂದೆ ನಿಂತು ಸರಿಯಾದ ಜಾಗ ಹೇಳ್ಕೊಂಡೆ. ಅಲ್ಲಿಂದಾನೇ ಜಯನಗರಕ್ಕೆ ಹೋಗಿದ್ದು. ತೀರ್ಪು ಆಗೋಯ್ತು. ಮತ್ತೆ ಹೂ ಕೇಳಿದ್ರೆ, ತಾಯೀನ ನಂಬ್ಲಿಲ್ಲ ಅಂದಂಗೆ.

ಬೈರಣ್ಣ ನಕ್ಕ. ಗಂಗಾಧರಯ್ಯನವರಿಗೆ ನಗು ಬರಲಿಲ್ಲ. ಅವರು ಮೆಲ್ಲಗೆ ಕೇಳಿದರು.

ಗಂಗಾಧರಯ್ಯ: ಆಯಮ್ಮನ ಕೈಲೂ ಗುಣ ಆಗ್ದಿದ್ರೆ? ಆ ನಾಲ್ಕು ಜನದಲ್ಲಿ ನೀನೂ ಒಬ್ಳಾದ್ರೆ?

ಅಕ್ಕಯಮ್ಮ: ನಿಂತಿರ್ತೀನಿ. ಅಭ್ಯಾಸ ಆಗೈತೆ. ಚೆನ್ನಾಗಿರೋ ಬೆನ್ನು ಕೊಯ್ಸ್ಕೊಂಡು ನಿಲ್ಲೋಕೂ ಆಗ್ದಂಗಾದ್ರೆ ಏನ್ ಮಾಡ್ಲಿ?

ಗಂಗಾಧರಯ್ಯ: ಬಿಂದು ಮದುವೆ?

ಅಕ್ಕಯಮ್ಮ: ನರ ನಿಧಾನ, ವರ್ಷ ಹಿಡಿಯುತ್ತೆ ಅಂದವ್ರೆ. ಮದುವೇಲಿ ನಿಂತೇ ಅಕ್ಷತೆ ಹಾಕ್ತೀನಿ. ಯಾರಾದ್ರೂ ಸಾರು ಕೇಳಿದ್ರೆ ನೀವು ಬಡಿಸಿ. ಅವಳ ಸೀಮಂತಕ್ಕೆ ಕೂರ್ತೀನಿ, ದೇವರು ದೊಡ್ಡೋಳು.

ಗಂಗಾಧರಯ್ಯ ಟೆಲಿಫೋನಿನ ಮೇಲಿದ್ದ ಕಸೂತಿ ಬಟ್ಟೆ ತೆಗೆದು ನಂಬರು ತಿರುಗಿಸಿದರು. "ಗುರುವಾರದ ಪೇಷಂಟು ಬರಲ್ಲ ಸಾರ್. ಇಲ್ಲ ಸಾರ್, ಭಯ ಅಲ್ಲ. ಅಳತೆ ತಪ್ಪಾಗಿತ್ತು" ಎಂದು ಇಟ್ಟರು. ಆಮೇಲೆ ಚೀಟಿ ಹಿಡಿದು ಜಯನಗರದ ನಂಬರು ತಿರುಗಿಸಿ, ಶನಿವಾರ ಹತ್ತು ಗಂಟೆಗೆ ಹೆಸರು ಬರೆಸಿದರು.

ಗಂಗಾಧರಯ್ಯ: ಆಯ್ತು. ಶನಿವಾರ ನಾನೂ ಬರ್ತೀನಿ. ಅಲ್ಲಿ ಮೀನು ಐತಾ?

ಅಕ್ಕಯಮ್ಮ: ಇಲ್ಲ. ಒಂದು ಕ್ಯಾಲೆಂಡರ್ ಐತೆ.

ಗಂಗಾಧರಯ್ಯ: ಹೂಂ. ನೋಡು, ಬಾಯಿಬಿಟ್ಟು ಎಲ್ಲಾ ಹೇಳೋಕೆ ನಿಂಗೆ ಸಂಕೋಚ. ನಾನೇ ಒಳಗೆ ಬಂದು, ಈ ಸಲ ಒಂದಿಂಚೂ ಆಚೀಚೆ ಆಗ್ದಂಗೆ, ಸರಿಯಾಗಿ ಹೇಳಿಕೊಡ್ತೀನಿ. ನಿಂಗೆ ಅಷ್ಟು ಉಪಕಾರ ಮಾಡ್ಬೇಡ್ವಾ ನಾನು?

ಅಕ್ಕಯಮ್ಮ ಹಲಗೆಯ ಮೇಲಿನ ಕಣಗಿಲೆ ಹೂವನ್ನು ಕಣ್ಣಿಗೊತ್ತಿಕೊಂಡಳು.

ಅಕ್ಕಯಮ್ಮ: ಬೇಡ. ಒಳಗೆ ನಾನೊಬ್ಳೇ ಹೋಗಿ ಹೇಳ್ತೀನಿ. ನೀವು ಆಚೆ ಬೆಂಚಿನ ಮೇಲೆ ಕೂತಿರಿ. ನನ್ನ ಪಾಲಿಂದೂ ಸೇರಿಸಿ, ಚೆನ್ನಾಗಿ ಕೂತಿರಿ.