ಪರದೆಯ ನವಿಲು

ಮೊಳಕಾಲ್ಮೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ವರ್ಷಗಳನ್ನು ನೆನೆದರೆ ಈಗಲೂ ನನಗೆ ಹಿತವಾದ ಮಂಪರು ಬರುತ್ತದೆ. ಮಧ್ಯಾಹ್ನದ ಬಿಸಿಲು, ಅಕ್ಕಪಕ್ಕದ ಮನೆಗಳಿಂದ ಮಗ್ಗದ ಸದ್ದು, ಮೇಜಿನ ಮೇಲೆ ಚಳ್ಳಕೆರೆಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಹಳೇ ಮಾನಿಟರ್. ಕಂಪ್ಯೂಟರಿನೊಳಗೆ ಲಿನಕ್ಸ್ ಎಂಬ ತಂತ್ರಾಂಶ. ಅದರ ಮುಂದೆ ಯಾರು ಕೂತರೂ ಏನಾದರೊಂದು ಆಗಿಯೇ ತೀರುತ್ತಿತ್ತು.

೧. ಕಡಿದ ಎಳೆ

ಪಕ್ಕದ ಮನೆಯ ನೇಕಾರಣ್ಣನ ಮಗಳ ಮದುವೆ ಗೊತ್ತಾಗಿತ್ತು. ಧಾರೆ ಸೀರೆಯ ಅಂಚಿನಲ್ಲಿ ನವಿಲು ಇರಲೇಬೇಕೆಂದು ಬೀಗತಿ ಹೇಳಿ ಕಳಿಸಿದ್ದರು. ಆ ನವಿಲನ್ನು ಕಂಪ್ಯೂಟರಿನಲ್ಲಿ ಬರೆಸಲು ಅಣ್ಣ ಬಂದ.

"ಎಲ್ಲಾ ಎಳ್ಳುಕಾಳಿನಷ್ಟು ಐತಲ್ಲ ಮೇಷ್ಟ್ರೇ, ದೊಡ್ಡದು ಮಾಡ್ರಿ."

ಪರದೆಯ ಚಿತ್ರವನ್ನು ಕೂಡಿಸುವ ಸಣ್ಣ ಚೌಕಗಳನ್ನು ದೊಡ್ಡದು ಮಾಡಲು, ಅಂದರೆ ರೆಸಲ್ಯೂಷನ್ ಬದಲಿಸಲು, ಆಗೆಲ್ಲ ಒಂದು ಫೈಲಿನೊಳಗೆ ಹೊಕ್ಕು ಅಂಕಿ ತಿದ್ದಬೇಕಿತ್ತು. ತಿದ್ದಿದೆ. ಪರದೆ ಕಪ್ಪಾಯಿತು. ನಾನು ಬೆವತುಹೋದೆ. ಅಣ್ಣ ಮಾತ್ರ ನಿಧಾನವಾಗಿ ಎದ್ದ.

"ಎಲ್ಲೋ ಎಳೆ ಕಡಿದೈತೆ. ಗಂಟು ಹಾಕ್ತಿರ್ರಿ, ಟೀ ಕುಡ್ದು ಬರ್ತೀನಿ."

೨. ಸುತ್ತಿಕೊಂಡ ಬಾಲ

ಅಂಕಿ ಸರಿಮಾಡಿ ಗಂಟು ಹಾಕಿದೆ. ಈಗ ಎಲ್ಲವೂ ಎಷ್ಟು ದೊಡ್ಡದಾಯಿತೆಂದರೆ, ನವಿಲು ಬರೆದರೆ ಅದರ ಬಾಲ ಪರದೆಯಾಚೆ ಉಳಿಯಿತು. ಮೌಸನ್ನು ಅಂಚಿಗೆ ಒತ್ತಿದರೆ ಚಿತ್ರ ಮೆಲ್ಲಗೆ ಸರಿದು, ಬಾಲ ತೇಲಿಕೊಂಡು ಬರುತ್ತಿತ್ತು. ನೋಡುತ್ತಿದ್ದರೆ ನಿದ್ದೆ ಬರುವಷ್ಟು ಚೆಂದ.

"ಮಗ್ಗದಲ್ಲೂ ಹಿಂಗೇ," ಎಂದ ಅಣ್ಣ. "ಮುಂದೆ ಒಂದು ಮೊಳ ಕಾಣ್ತೈತೆ, ಮಿಕ್ಕಿದ್ದು ಸುತ್ಕೊಂಡಿರ್ತೈತೆ."

ಜೊತೆಗೆ ಬಂದು ಕೂತಿದ್ದ ಅವನ ಹೆಂಡತಿ ತಟ್ಟನೆದ್ದು ಮಾನಿಟರಿನ ಹಿಂದೆ ಇಣುಕಿದಳು.

"ಏನೂ ಸುತ್ಕೊಂಡಿಲ್ಲ ಕಣ್ರೀ, ಬರೀ ಧೂಳೈತೆ!"

೩. ನಾಲ್ಕು ಬೆರಳು

ಅಣ್ಣ ಗಾಜಿನ ಮೇಲೆ ನಾಲ್ಕು ಬೆರಳಿಟ್ಟು ನವಿಲಿನ ಎತ್ತರ ಅಳೆದ. ಸರಿಯಾಗಿತ್ತು. ಅವನು ಹೋದ ಮೇಲೆ ನಾನು ಪರದೆಯನ್ನು ಮೊದಲಿನಂತೆ ಮಾಡಿಟ್ಟೆ. ಮರುದಿನ ಅಣ್ಣ ಬಂದು ಅಳೆದರೆ ಎರಡೇ ಬೆರಳು!

"ರಾತ್ರಿ ಇದಕ್ಕೆ ಕಾಳು ಹಾಕ್ಲಿಲ್ವೇನ್ರಿ? ಬಡಕಲಾಗೈತೆ."

"ಚೌಕಗಳು ಅಷ್ಟೇ ಅದಾವಣ್ಣ. ಕಣ್ಣಿಗೆ ಮಾತ್ರ ಸಣ್ಣದು."

"ನನ್ನ ಬೆರಳು ಸುಳ್ಳು ಹೇಳಲ್ಲ."

ವಾದಿಸಲು ಸೋಮಾರಿತನ. ನಾಲ್ಕು ಬೆರಳಾಗುವವರೆಗೂ ಚೌಕ ಸೇರಿಸುತ್ತಾ ಹೋದೆ. ಮಗ್ಗದಲ್ಲಿ ಚೌಕಕ್ಕೊಂದು ಎಳೆ, ಚೌಕ ಹೆಚ್ಚಿದಷ್ಟೂ ನವಿಲು ಬೆಳೆಯುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಅಣ್ಣನಿಗೆ ಹೊಳೆದಾಗ ಅರ್ಧ ಸೀರೆ ಮುಗಿದಿತ್ತು, ಮದುವೆಗೆ ವಾರವಷ್ಟೇ ಉಳಿದಿತ್ತು, ಹೊಸದಾಗಿ ನೇಯಲು ಹೊತ್ತಿರಲಿಲ್ಲ. ನವಿಲುಗಳು ಅಂಚು ದಾಟಿ ಒಡಲಿಗೇ ಹತ್ತಿ ನಿಂತಿದ್ದವು.

ಮದುವೆಯ ಮನೆಯಲ್ಲಿ ಬೀಗತಿ ಸೀರೆ ಬಿಚ್ಚಿದರು. ಅಣ್ಣ ಕಣ್ಣು ಮುಚ್ಚಿಕೊಂಡ. ನನಗಂತೂ ಬಾಗಿಲು ಎಷ್ಟು ದೂರವಿದೆ ಎಂಬುದೇ ಯೋಚನೆ. ಆಯಮ್ಮ ಸೀರೆಯನ್ನು ಮೂಗಿನವರೆಗೂ ತಂದರು, ಮೊಳದುದ್ದ ದೂರ ಹಿಡಿದರು, ಆಮೇಲೆ ಮುಖವೆಲ್ಲ ಅರಳಿತು.

"ಇಷ್ಟು ವರ್ಷ ಎಲ್ಲರೂ ಅಂಚಲ್ಲಿ ನವಿಲೈತೆ ಅನ್ನೋರು, ಕಾಣದಿದ್ರೂ ನಾನು ಹೂಂ ಅಂತಿದ್ದೆ. ಇವತ್ತೇ ಕಣಮ್ಮ ನೋಡಿದ್ದು!"

ಅಣ್ಣ ಕಣ್ಣು ಬಿಟ್ಟ. ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ:

"ಮೇಷ್ಟ್ರೇ, ನಾಳೆಯಿಂದ ಕಾಳು ಸ್ವಲ್ಪ ಕಡಿಮೆ ಹಾಕ್ರಿ."